ಅತ್ಯಂತ ಸುಧಾರಿಸಿದ ಮೇಲ್

ಲಿಫ್ಟ್ ಬಿದ್ದ ಸದ್ದಿಗೆ ರಟ್ಟಿನ ಡಬ್ಬಿ ಕಾರ್ಖಾನೆಯ ಯಂತ್ರಗಳೆಲ್ಲ ನಿಂತವು. ಮೇಲಿನ ಮಹಡಿಯಿಂದ ಸರಕು ಇಳಿಸುವ ಲಿಫ್ಟ್ ಅದು. ಉಕ್ಕಿನ ಹಗ್ಗ ಕಿತ್ತುಬಂದು ನೆಲಕ್ಕೆ ಅಪ್ಪಳಿಸಿತ್ತು. ಒಳಗಿದ್ದ ಲೋಡರ್ ಬದುಕಿದ. ಆದರೆ ಅವನ ಬಲಗಾಲು ಉಳಿಯಲಿಲ್ಲ.

ತಪ್ಪು ಯಾರದು ಎಂದು ಪತ್ತೆ ಮಾಡಲು ವಿಮಾ ಕಂಪನಿ ನಮ್ಮ ಚಿಕ್ಕಪ್ಪನನ್ನು ಕಳಿಸಿತು. ಚಿಕ್ಕಪ್ಪ ಪೊಲೀಸ್ ಕೆಲಸ ಬಿಟ್ಟು ಇಂಥ ಅಪಘಾತಗಳ ಬೆನ್ನು ಹತ್ತಿದವರು. ಪ್ರಶ್ನೆ ಕೇಳುವುದರಲ್ಲಿ ಹುಲಿ, ಬರೆಯಲು ಕೂತರೆ ಬೆಕ್ಕು. ಹಾಗಾಗಿ ಅವರ ವರದಿ ಬರೆಯುವ ಕರ್ಮ ನನ್ನ ತಲೆಗೆ ಕಟ್ಟಿದೆ.

ನಾವು ಹೋಗುವಷ್ಟರಲ್ಲಿ ಕಾರ್ಖಾನೆಯವರು ಅಪರಾಧಿಯನ್ನು ಸಿದ್ಧಮಾಡಿ ಇಟ್ಟಿದ್ದರು. ಯಂತ್ರಗಳನ್ನು ನೋಡಿಕೊಳ್ಳುವ ಮೇಸ್ತ್ರಿ. ಅವರು ಮ್ಯಾನೇಜರ್ ಕೋಣೆಯ ಮೂಲೆಯಲ್ಲಿ, ಕುರ್ಚಿ ಖಾಲಿಯಿದ್ದರೂ ಕೂರದೆ ನಿಂತಿದ್ದರು. ಜೇಬಿನಲ್ಲಿ ಅವರ ಬಟ್ಟೆಗೆ ಹೊಂದದ ಒಂದು ಹೊಳೆಯುವ ಪೆನ್ನು.

"ಹಗ್ಗ ಸವೆದಿದ್ದು ಇವನಿಗೆ ಗೊತ್ತಿತ್ತಂತೆ. ಗೊತ್ತಿದ್ದೂ ನಮಗೆ ತಿಳಿಸಲಿಲ್ಲ," ಎಂದರು ಮ್ಯಾನೇಜರ್. ಒಂದು ಹಾಳೆ ಮುಂದೆ ತಳ್ಳಿದರು. "ಇವನು ನನಗೆ ಕಳಿಸಿದ ಮೇಲ್. ನೀವೇ ಓದಿ ಸಾರ್."

ನಾನು ಗಟ್ಟಿಯಾಗಿ ಓದಿದೆ.

"ಆದರಣೀಯರೇ, ತಮ್ಮ ಸಮರ್ಥ ಮಾರ್ಗದರ್ಶನದಲ್ಲಿ ನಮ್ಮ ವಿಭಾಗವು ಉತ್ತಮವಾಗಿ ಸಾಗುತ್ತಿದೆ. ಸರಕು ಲಿಫ್ಟಿನ ನಿರ್ವಹಣೆಯಲ್ಲಿ ಇನ್ನಷ್ಟು ಸುಧಾರಣೆಗೆ ಅವಕಾಶವಿದ್ದು, ತಮ್ಮ ಅನುಕೂಲದಂತೆ ಪರಿಶೀಲಿಸಬಹುದು. ಧನ್ಯವಾದಗಳು."

"ಇದರಲ್ಲಿ ಹಗ್ಗ ಎಲ್ಲಿದೆ? ಅಪಾಯ ಎಲ್ಲಿದೆ?" ಮ್ಯಾನೇಜರ್ ಕೈ ಚೆಲ್ಲಿದರು. "ನನಗೇನು ಕನಸು ಬೀಳುತ್ತಾ?"

"ನಾನು ಬರೆದಿದ್ದು ಬೇರೆ ಸಾರ್," ಎಂದರು ಮೇಸ್ತ್ರಿ. "ಹಗ್ಗ ಸವೆದಿದೆ, ಇವತ್ತೇ ಲಿಫ್ಟ್ ನಿಲ್ಲಿಸಿ ಅಂತ ಬರೆದಿದ್ದೆ. ಮೇಡಂ ತಿದ್ದಿದ್ರು."

"ನೀವೇ ನಿಲ್ಲಿಸಬಹುದಿತ್ತಲ್ಲ?" ಚಿಕ್ಕಪ್ಪ ಕೇಳಿದರು.

"ಒಂದು ಸಲ ನಿಲ್ಲಿಸಿದ್ದೆ. ಲೋಡು ತಡವಾಯ್ತು ಅಂತ ಮೆಮೊ ಕೊಟ್ರು. ಮ್ಯಾನೇಜರ್ ಹೇಳದೆ ಇನ್ನು ಮುಟ್ಟಬಾರದು ಅಂದ್ರು."

"ತಿದ್ದಿದ ಮೇಲ್ ಕಳಿಸಿದ್ದು ಯಾರು?"

"ನಾನೇ." ಮೇಸ್ತ್ರಿ ತಲೆ ತಗ್ಗಿಸಿದರು. "ಅದನ್ನ ಓದಿದೆ ಸಾರ್. ಅರ್ಥ ಆಗಲಿಲ್ಲ. ದೊಡ್ಡವರಿಗೆ ಹೀಗೆ ಹೇಳಿದ್ರೇ ಅರ್ಥ ಆಗುತ್ತೇನೋ ಅಂದ್ಕೊಂಡೆ."



ಈ ಮೇಡಂ ಯಾರೆಂದರೆ ಬರವಣಿಗೆ ಮೇಡಂ. ಕಾರ್ಖಾನೆಯವರು ಒರಟಾಗಿ ಬರೆಯುತ್ತಾರೆಂದು ಮುಖ್ಯ ಕಚೇರಿ ಮೂಗು ಮುರಿದ ಮೇಲೆ, ಎಲ್ಲರಿಗೂ ಚೆನ್ನಾಗಿ ಬರೆಯಲು ಕಲಿಸಲೆಂದು ಬಂದವರು. ಅಂದಿನಿಂದ ಯಾವ ಮೇಲ್ ಕೂಡ ಅವರ ಕೈ ದಾಟದೆ ಹೋಗುವಂತಿಲ್ಲ. ಮೇಸ್ತ್ರಿಯಂಥವರು ಕಾಗದದ ಮೇಲೆ ಬರೆದುಕೊಡಬೇಕು. ಮೇಡಂ ತಿದ್ದಿ ಟೈಪ್ ಮಾಡಿಕೊಟ್ಟಿದ್ದನ್ನು ತಮ್ಮ ಹೆಸರಲ್ಲಿ ಕಳಿಸಬೇಕು.

ಚಿಕ್ಕಪ್ಪ ಕರೆಸಿದಾಗ ಬಂದ ಮೇಡಂ ನಗುಮೊಗದವರು. ಮಾತಿನಲ್ಲಿ ಬೆಣ್ಣೆ.

"ಅವರು ಬರೆದುಕೊಟ್ಟಿದ್ದರಲ್ಲಿ ಹಗ್ಗದ ಮಾತಿತ್ತಾ?" ಚಿಕ್ಕಪ್ಪ ಕೇಳಿದರು.

"ನನ್ನ ನೆನಪಿನ ಮಟ್ಟಿಗೆ, ಅಂಥ ನಿರ್ದಿಷ್ಟ ಉಲ್ಲೇಖ ಇದ್ದಂತೆ ಕಾಣೆ."

"ಇತ್ತಾ, ಇಲ್ವಾ?"

"ಇರಲಿಲ್ಲ ಅನ್ನಿಸುತ್ತೆ."

"ಅವರು ಕೊಟ್ಟ ಕಾಗದ?"

"ತಿದ್ದಿದ ತಕ್ಷಣ ಹರಿದು ಹಾಕೋದು ನನ್ನ ಅಭ್ಯಾಸ."

"ಮ್ಯಾನೇಜರ್ ಅದನ್ನ ನೋಡಿದ್ರಾ?"

"ನಾನಾ?" ಮ್ಯಾನೇಜರ್ ನಡುವೆ ಬಾಯಿ ಹಾಕಿದರು. "ಎಂಥ ಮಾತು ಸಾರ್! ನನ್ನ ಕಣ್ಣಿಗೆ ಬಿದ್ದಿದ್ದು ಈ ಮೇಲ್ ಒಂದೇ."

ಅಲ್ಲಿಗೆ ಮೇಸ್ತ್ರಿಯ ಮಾತಿಗೆ ಎದುರು ಎರಡು ಮಾತು. ಕಾಗದವಂತೂ ಇಲ್ಲ. ಇಷ್ಟು ಸಾಕಿತ್ತು, ಮೇಸ್ತ್ರಿಯ ಕೆಲಸ ಹೋಗಿ ಕೈಗೆ ಬೇಡಿ ಬೀಳಲು.

ಕೋಣೆಯ ಹೊರಗೆ ಕಾರಿಡಾರಿನ ಗೋಡೆಗೆ ದೊಡ್ಡ ಬೋರ್ಡು ಇತ್ತು. ಮೇಲ್ಗಡೆ ಮೇಡಂ ಪಾಠಗಳು. ಕೆಟ್ಟ ಸುದ್ದಿಯಿಂದ ಆರಂಭಿಸಬೇಡಿ. ಭಯದ ಪದ ಬಳಸಬೇಡಿ. ಸಮಸ್ಯೆ ಎನ್ನಬೇಡಿ, ಅವಕಾಶ ಎನ್ನಿ. ಓದುತ್ತಾ ನನ್ನ ಮೈ ಉರಿಯಿತು. ಸುಳ್ಳು ಹೇಳು ಎಂದು ನೇರವಾಗಿ ಬರೆದಿದ್ದರೆ ಅರ್ಧ ಬೋರ್ಡು ಉಳಿಯುತ್ತಿತ್ತು.

ಅದರ ಕೆಳಗೆ "ತಿಂಗಳ ಅತ್ಯಂತ ಸುಧಾರಿಸಿದ ಮೇಲ್" ಎಂಬ ಸಾಲು. ಹಿಂದಿನ ತಿಂಗಳುಗಳ ಹಾಳೆಗಳು ಎರಡೆರಡಾಗಿ ಅಕ್ಕಪಕ್ಕ ಅಂಟಿದ್ದವು. ಕೊನೆಯಲ್ಲಿ ನಮ್ಮ ಮೇಸ್ತ್ರಿಯದೇ ಮೇಲ್, ಒಂಟಿಯಾಗಿ. ನಾನು ಓದಿ ಮುಂದೆ ಹೋದೆ. ಚಿಕ್ಕಪ್ಪ ಅಲ್ಲೇ ನಿಂತು, ಹಿಂದೆ ಬರುತ್ತಿದ್ದ ಮೇಸ್ತ್ರಿಯನ್ನು ಕರೆದರು.

"ನಿಮಗೆ ಬಹುಮಾನ ಬಂತಾ ಮೇಸ್ತ್ರಿ?"

"ಹೌದು ಸಾರ್. ಈ ಪೆನ್ನು."

"ಕೊಡುವಾಗ ಏನಂದ್ರು?"

"ನಾನಿರಲಿಲ್ಲ. ಲಿಫ್ಟ್ ಬೀಳೋ ಹಿಂದಿನ ಸಂಜೆ ಸಭೆ ನಡೀತು. ಹೊಸ ಹಗ್ಗ ಎಲ್ಲಿ ಸಿಗುತ್ತೆ ಅಂತ ವಿಚಾರಿಸೋಕೆ ನಾನು ಪೇಟೆಗೆ ಹೋಗಿದ್ದೆ. ನನ್ನ ಪರವಾಗಿ ಭಾವಮೈದ ಇಸ್ಕೊಂಡು ಬಂದ."

"ಅವನೂ ಇಲ್ಲೇ ಕೆಲಸಕ್ಕಿದ್ದಾನಾ?"

"ಲಿಫ್ಟಲ್ಲಿ ಇದ್ದಿದ್ದು ಅವನೇ ಸಾರ್. ನನ್ನ ಹೆಂಡತಿಯ ತಮ್ಮ."

ಸಭೆಯಲ್ಲಿ ಏನು ನಡೆಯಿತೆಂದು ಚಿಕ್ಕಪ್ಪ ಕೆಲಸಗಾರರನ್ನು ಕೇಳಿದರು. "ಏನೋ ಓದಿದ್ರು ಸಾರ್, ಚಪ್ಪಾಳೆ ತಟ್ಟಿದ್ವಿ" ಎಂದ ಒಬ್ಬ. "ನಾನು ಹಿಂದೆ ಕೂತಿದ್ದೆ" ಎಂದ ಇನ್ನೊಬ್ಬ. ಎಲ್ಲರ ಕಣ್ಣೂ ಮ್ಯಾನೇಜರ್ ಕೋಣೆಯ ಬಾಗಿಲ ಮೇಲೆ. ಮನೆಯಲ್ಲಿ ಒಲೆ ಉರಿಯಬೇಕಾದವರ ನೆನಪಿನ ಶಕ್ತಿ ಅಷ್ಟೇ ಇರುತ್ತದೆ.

"ಆಸ್ಪತ್ರೆಗೆ ನಡಿ," ಎಂದರು ಚಿಕ್ಕಪ್ಪ.

ವಾರ್ಡಿಗೆ ಒಬ್ಬರನ್ನೇ ಬಿಟ್ಟರು. ನಾನು ಹೊರಗಿನ ಬೆಂಚಿನಲ್ಲಿ ಕೂತೆ. ಪಕ್ಕದಲ್ಲಿ ಮೇಸ್ತ್ರಿಯ ಹೆಂಡತಿ. ಅತ್ತು ಅತ್ತು ಮುಖ ಊದಿತ್ತು.

"ನಿಮ್ಮ ಯಜಮಾನರು ಮನೆಗೆ ಬಂದ್ರಾ ಅಮ್ಮ?"

"ಬಂದ್ರು. ಬಾಗಿಲು ತೆಗೀಲಿಲ್ಲ." ಆಕೆ ಸೆರಗಿನ ತುದಿ ಹಿಂಡಿದರು. "ನನ್ನ ತಮ್ಮನ್ನ ಎತ್ತಿ ಆಡಿಸಿದ್ದು ನಾನು. ಹಗ್ಗ ಸವೆದಿದ್ದು ಗೊತ್ತಿದ್ದೂ ಸುಮ್ಮನಿದ್ರಂತಲ್ಲ? ಬರೆದೆ ಬರೆದೆ ಅಂತಾರೆ. ಕಾರ್ಖಾನೆಯವರು ಆ ಮೇಲ್ ನನಗೂ ತೋರಿಸಿದ್ರು. ಅದರಲ್ಲಿ ಏನಿದೆ ಮಣ್ಣು?"

ಒಳಗಿಂದ ಬಂದ ಚಿಕ್ಕಪ್ಪನ ಮುಖ ಗಂಟಿಕ್ಕಿತ್ತು.

ಮತ್ತೆ ಅದೇ ಮ್ಯಾನೇಜರ್ ಕೋಣೆ. ಮೇಡಂ ಬಂದರು. ಮೇಸ್ತ್ರಿ ಮತ್ತೆ ಮೂಲೆಯಲ್ಲಿ ನಿಂತರು.

"ಒಂದೇ ಅನುಮಾನ," ಎಂದರು ಚಿಕ್ಕಪ್ಪ. "ಮೇಸ್ತ್ರಿಗೆ ಬಹುಮಾನ ಯಾಕೆ ಕೊಟ್ರಿ?"

"ಅತ್ಯಂತ ಸುಧಾರಿಸಿದ ಮೇಲ್ ಅಂತ," ಎಂದರು ಮ್ಯಾನೇಜರ್.

"ಆರಿಸಿದ್ದು ಯಾರು?"

"ನಾನೇ. ಪ್ರತಿ ತಿಂಗಳೂ ನಾನೇ."

"ಯಾವುದಕ್ಕಿಂತ ಸುಧಾರಿಸಿತ್ತು?"

"ಅಂದ್ರೆ?"

"ತಿದ್ದಿದ್ದು ಒಂದನ್ನೇ ನೋಡಿದ್ದು ಅಂದ್ರಿ. ತಿದ್ದೋ ಮುಂಚೆ ಹೇಗಿತ್ತು ಅಂತ ನೋಡದೆ ಸುಧಾರಿಸಿದೆ ಅಂತ ಹೇಗೆ ಗೊತ್ತಾಯ್ತು?"

ಮ್ಯಾನೇಜರ್ ಮೇಡಂ ಕಡೆ ನೋಡಿದರು.

"ನಾನು ಹೇಳ್ತೀನಿ. ಬೋರ್ಡಿನಲ್ಲಿ ಹಳೇದೆಲ್ಲ ಜೋಡಿ ಜೋಡಿ ಇದೆ. ಒಂದು ತಿದ್ದೋ ಮುಂಚಿನದು, ಇನ್ನೊಂದು ತಿದ್ದಿದ್ದು. ಮೇಸ್ತ್ರಿದು ಮಾತ್ರ ಒಂದೇ. ಜೋಡಿ ಎಲ್ಲಿ ಹೋಯ್ತು? ಮೇಡಂ ಕಾಗದ ಹರಿದು ಹಾಕ್ತಾರಂತೆ. ಹಾಗಿದ್ರೆ ಹಳೇ ತಿಂಗಳ ಕಾಗದ ಗೋಡೆ ಮೇಲೆ ಯಾಕಿದೆ?"

ಮೇಡಂ ಮುಖದ ನಗು ಆರಿತು.

"ಸಭೆಯಲ್ಲಿ ನಿಮ್ಮದೊಂದು ಪದ್ಧತಿ ಇದೆಯಂತೆ ಮ್ಯಾನೇಜರ್ ಸಾಹೇಬ್ರೆ. ಮೊದಲು ಹಳೇದನ್ನ ಅಣಕಿಸಿ ಓದೋದು. ಎಲ್ಲರೂ ನಗೋದು. ಆಮೇಲೆ ತಿದ್ದಿದ್ದನ್ನ ಓದೋದು. ಎಲ್ಲರೂ ಚಪ್ಪಾಳೆ ತಟ್ಟೋದು. ಲಿಫ್ಟ್ ಬೀಳೋ ಹಿಂದಿನ ಸಂಜೆ ನೀವು ಓದಿದ್ದನ್ನ ಆಸ್ಪತ್ರೆಯಲ್ಲಿ ಮಲಗಿರೋ ಒಬ್ಬ ನನಗೆ ನಿಮ್ಮದೇ ದನಿಯಲ್ಲಿ ಒಪ್ಪಿಸಿದ." ಚಿಕ್ಕಪ್ಪ ಕಣ್ಣು ಮುಚ್ಚಿ ನೆನಪಿಸಿಕೊಂಡು ಹೇಳಿದರು. "'ಲಿಫ್ಟ್ ಹಗ್ಗ ಸವೆದಿದೆ. ಎಳೆ ಎದ್ದಿದೆ. ಇವತ್ತೇ ನಿಲ್ಲಿಸಿ. ಇಲ್ಲದಿದ್ದರೆ ಯಾರಾದರೂ ಸಾಯುತ್ತಾರೆ.' ಓದಿ ಮುಗಿಸಿ ನೀವಂದ್ರಂತೆ, ನೋಡಿ, ಯಮನ ಕಚೇರಿಯಿಂದ ಬಂದ ಮೇಲ್ ಹೀಗಿರುತ್ತೆ!"

"ಯಾರೋ ಕೂಲಿಯವನು ಏನೋ ಅಂದ್ರೆ—"

"ಅಂದಿದ್ದು ನಿಜ." ಮೇಡಂ ಅವರ ಮಾತನ್ನು ತಡೆದರು. "ನಾನೂ ಅಲ್ಲಿದ್ದೆ. ಹಗ್ಗದ ಮಾತು ಹೊಡೆದು ಹಾಕಿದ್ದು ನಾನೇ. ತಿದ್ದೋ ಮುಂಚೆ ಇವರಿಗೆ ತೋರಿಸಿದ್ದೆ. ಲಿಫ್ಟ್ ನಿಂತ್ರೆ ತಿಂಗಳ ಲೋಡು ನಿಲ್ಲುತ್ತೆ, ಅದನ್ನ ತೆಗೀರಿ ಅಂದ್ರು. ಲಿಫ್ಟ್ ಬಿದ್ದ ಬೆಳಿಗ್ಗೆ ಬೋರ್ಡಿಂದ ಆ ಹಾಳೆ ಕಿತ್ತಿದ್ದೂ ಇವರೇ."

ಆ ಹೆಂಗಸಿನ ಬಾಯಿಂದ ನಾನು ಕೇಳಿದ ಮೊದಲ ಸರಳ ವಾಕ್ಯಗಳು ಅವು. ಕಾಲು ಹೋದ ಮೇಲೆ ಬಂದವು.

"ಇದರಲ್ಲಿ ಒಗಟೇನೂ ಇಲ್ಲ," ಎಂದರು ಚಿಕ್ಕಪ್ಪ. "ಮೇಸ್ತ್ರಿ ಎಚ್ಚರಿಕೆ ಕೊಟ್ಟಿದ್ರು. ಅದನ್ನ ಮುಚ್ಚಿದ ಕೈ ಮೇಡಂದು. ಗೊತ್ತಿದ್ದೂ ಲಿಫ್ಟ್ ಓಡಿಸಿ, ಹಾಳೆ ಕಿತ್ತು, ತಪ್ಪನ್ನ ಮೇಸ್ತ್ರಿ ತಲೆಗೆ ಕಟ್ಟಿದವರು ನೀವು ಮ್ಯಾನೇಜರ್. ಅಪರಾಧಿ ನೀವೇ."

ಮ್ಯಾನೇಜರ್ ನೀರಿನ ಲೋಟಕ್ಕೆ ಕೈ ಚಾಚಿದರು. ಯಾರೂ ಎತ್ತಿ ಕೊಡಲಿಲ್ಲ.

ಪೊಲೀಸರು ಬಂದು ಹೋಗುವ ತನಕ ಮೇಸ್ತ್ರಿ ಮೆಟ್ಟಿಲ ಮೇಲೆ ಕೂತಿದ್ದರು. ನಾವು ಇಳಿದು ಬಂದಾಗ ಎದ್ದು ನಿಂತರು. ಇನ್ನಾದರೂ ಈ ಮನುಷ್ಯನ ಮುಖದಲ್ಲಿ ನೆಮ್ಮದಿ ಕಾಣಬಹುದೆಂದು ನಾನು ನೋಡಿದೆ. ಕಾಣಲಿಲ್ಲ.

"ನಾಳೆ ಪೊಲೀಸರಿಗೆ ಹೇಳಿಕೆ ಬರೆದುಕೊಡಬೇಕು ಮೇಸ್ತ್ರಿ," ಎಂದೆ. "ಬೇಕಿದ್ರೆ ನಾನು ಸ್ವಲ್ಪ ತಿದ್ದಿ ಕೊಡ್ತೀನಿ."

"ಬೇಡಮ್ಮ," ಎಂದರು. "ನಾನು ಬರೆದಿದ್ದು ಹಾಗೇ ಇರಲಿ."

ನನಗೆ ಕೆನ್ನೆಗೆ ಹೊಡೆದಂತಾಯಿತು. ಅವರು ಚಿಕ್ಕಪ್ಪನ ಕಡೆ ತಿರುಗಿದರು.

"ಹಾಗಾದ್ರೆ ನಾನು ಬರೆದಿದ್ದು ಎಲ್ಲರಿಗೂ ಗೊತ್ತಿತ್ತಾ ಸಾರ್?"

"ಸಭೇಲಿ ಇದ್ದವರೆಲ್ಲ ಕೇಳಿದ್ರು."

"ಕೇಳಿ ನಕ್ರಾ?"

"ಹೌದು."

ಮೇಸ್ತ್ರಿ ಜೇಬಿನಿಂದ ಪೆನ್ನು ತೆಗೆದು ಅದರ ಮುಚ್ಚಳವನ್ನು ತಿರುವುತ್ತಾ ನಿಂತರು.

"ಭಾವಮೈದ ಮನೆಗೆ ಬಂದು ಪೆನ್ನು ಕೊಟ್ಟ. ಎಲ್ಲರೂ ಹೊಗಳಿದ್ರು ಭಾವ ಅಂದ. ಬೇರೇನೂ ಹೇಳಲಿಲ್ಲ. ನನಗೆ ಬೇಜಾರಾಗುತ್ತೆ ಅಂತ ಇರಬೇಕು." ಅವರು ತಲೆಯೆತ್ತಿದರು. "ಅವನೂ ನಕ್ನಾ ಸಾರ್?"

ಎಂಥೆಂಥ ಕೊಲೆಗಡುಕರ ಎದುರೂ ಕಣ್ಣು ತಪ್ಪಿಸದ ಚಿಕ್ಕಪ್ಪ ಆಗ ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದರು. ಮೇಸ್ತ್ರಿ ಪೆನ್ನನ್ನು ಮೆಟ್ಟಿಲ ಮೇಲಿಟ್ಟು ಆಸ್ಪತ್ರೆಯ ಕಡೆ ನಡೆದರು.