ಇಬ್ಬರೂ ಎಣಿಸುವ ತನಕ

ಕುನಾಲ ಮಾತು ಬಿಟ್ಟು ವಾರ ಕಳೆದಿತ್ತು. ವಿಶಾಖಾ ಫೋನನ್ನು ದಿಂಬಿನ ಕೆಳಗಿಟ್ಟಳು, ತೆಗೆದಳು. ಅಡುಗೆಕಟ್ಟೆಯ ಮೇಲೆ ಬೋರಲಾಗಿಟ್ಟಳು, ಮತ್ತೆ ತೆಗೆದಳು.

ಮಾತು ಬಿಡುವುದು ಇಬ್ಬರೂ ಒಪ್ಪಿದ ಕರಾರೇ. ಎಂಎಸ್ಸಿ ಜೊತೆಗೇ ಓದಿದವರು. ಈಗ ಅವಳು ಸಂಶೋಧಕಿ, ಅವನು ತಿಕೋಟಾದ ಕಾಲೇಜಿನಲ್ಲಿ ಮೇಷ್ಟ್ರು. ಇಬ್ಬರೂ ಸೇರಿ ಅಭ್ಯಸಿಸುತ್ತಿದ್ದುದು ದೂರದ ಗ್ಯಾಲಕ್ಸಿಯಲ್ಲಿ ಸಿಡಿದ ಒಂದು ನಕ್ಷತ್ರ; ಅದು ಉಳಿದ ಸೂಪರ್‌ನೋವಾಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಬೆಳಗಿತ್ತು. ಅಷ್ಟು ಬೆಳಕಿಗೆ ಶಕ್ತಿ ಎಲ್ಲಿಂದ ಬಂತು? ಒಳಗೆ ಗರಗರ ತಿರುಗುವ ಕಾಂತ ನಕ್ಷತ್ರವೊಂದು ಉಳಿದಿದೆಯೋ, ಸಿಡಿದ ಚೂರುಗಳು ಸುತ್ತಲಿನ ಅನಿಲಕ್ಕೆ ಬಡಿದವೋ? ಎಕ್ಸ್-ರೇ ಕಂಡರೆ ಸುಳಿವು ಸಿಗುತ್ತಿತ್ತು. ಬಾಹ್ಯಾಕಾಶದ ದೂರದರ್ಶಕ ಕಳಿಸಿದ ಎಕ್ಸ್-ರೇ ಕಣಗಳನ್ನು ಇಬ್ಬರೂ ಬೇರೆ ಬೇರೆ ಕೂತು ಎಣಿಸಬೇಕು. ಇಬ್ಬರದೂ ಮುಗಿಯುವ ತನಕ ಮಾತಿಲ್ಲ. ಒಬ್ಬರ ಆಸೆ ಇನ್ನೊಬ್ಬರ ಲೆಕ್ಕಕ್ಕೆ ಅಂಟಬಾರದು.

ಆದರೆ ನಿನ್ನೆ ಕುನಾಲನ ತಾಯಿ ಮಾಳವ್ವ ಘೋಣಸಗಿಯಿಂದ ಬಂದು, ಸ್ಟೇಷನ್ ರಸ್ತೆಯ ಹಿಂದಿನ ವಿಶಾಖಾಳ ಮನೆಯಲ್ಲಿ ಉಡಿಯ ಹಸಿ ಶೇಂಗಾ ಸುರಿದು, ಮಗನಿಗೆ ಹೆಣ್ಣು ಕೇಳಿ ಹೋಗಿದ್ದಳು.

"ಸಂಜೀಕ ಫೋನ್ ಮಾಡ್ತಾಳಂತ. ಏನ್ ಹೇಳ್ಲಿ?" ಅವ್ವ ಗೀತಾಂಜಲಿ ಕೇಳಿದಳು.

"ಅಂವ ಏನಂತಾನ?"

"ಅದನ್ನ ನೀ ಕೇಳಬೇಕವಾ. ನಾ ಏನ್ ಅವನ ಜೋಡಿ ಎಂಎಸ್ಸಿ ಓದೇನೇನು?"

ವಿಶಾಖಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ತಾಯಿಯನ್ನು ಕಳಿಸಿ ತಾನು ಸುಮ್ಮನಿರುವವನು ಎಂಥವನು? ಅಥವಾ ಇದೆಲ್ಲ ಮಾಳವ್ವನದೇ ಆಸೆಯೋ? ಅವನಿಗೆ ಮನಸ್ಸಿಲ್ಲದೆ ತಾನು ಹೂಂ ಅಂದರೆ, ಆಮೇಲೆ ಗೆಳೆತನವೂ ಉಳಿಯದು.

ಮಧ್ಯಾಹ್ನದ ಹೊತ್ತಿಗೆ ಅವಳ ಎಣಿಕೆ ಮುಗಿಯಿತು. ಲ್ಯಾಪ್‌ಟಾಪ್ ಮುಚ್ಚಿ ತಿಕೋಟಾ ಬಸ್ಸು ಹತ್ತಿದಳು. ಅವಳು ಬೆರಳು ಹಿಸುಕಿಕೊಳ್ಳುವುದನ್ನು ಕಂಡು ಪಕ್ಕದ ಮುದುಕಿ ಎದ್ದು, "ಕಿಡಕಿ ಬಾಜೂಕ ಕೂಡವಾ, ಗಾಳಿ ಬರ್ತೈತಿ" ಎಂದಳು.

ಕುನಾಲ ಕಾಲೇಜಿನ ಲ್ಯಾಬಿನಲ್ಲಿ ತಂತಿ ಸುತ್ತುತ್ತಿದ್ದ. ಅವಳನ್ನು ಕಂಡು ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದ, ನೀರು ಕೊಟ್ಟ. ಅವಳು ಕುಡಿಯುವಷ್ಟು ಹೊತ್ತೂ ಅವಳ ಹಣೆಯ ಬೆವರನ್ನೇ ನೋಡುತ್ತಿದ್ದ. ಅವಳು ಕಣ್ಣೆತ್ತಿದಾಗ ತಂತಿ ನೋಡಿದ.

"ನಂದು ಮುಗೀತು. ನಿಂದು?"

"ನಿನ್ನೇನ ಮುಗದೈತಿ. ಏನರೆ ಕಂಡ್ತೇನು?"

"ಏನೂ ಇಲ್ಲ. ನಿನಗ?"

"ನನಗೂ ಇಲ್ಲ."

ಇಬ್ಬರಿಗೂ ಸಣ್ಣಗೆ ನಗು ಬಂತು.

"ಒಳಗ ಏನೂ ಇಲ್ಲ ಅಂತ ಅರ್ಥ ಅಲ್ಲ," ಎಂದ ಅವನು. "ಸಿಡಿದ ಚೂರು ಇನ್ನೂ ದಟ್ಟ ಅದಾವು, ಎಕ್ಸ್-ರೇ ಹೊರಗ ಬಿಡವಲ್ಲವು. ತೆಳ್ಳಗಾದ ಮ್ಯಾಲ ಮತ್ತ ನೋಡಬೇಕು. ಎರಡು ವರ್ಷ ಹಿಡೀಬಹುದು."

"ನಕ್ಷತ್ರಕ್ಕ ಎರಡು ವರ್ಷ ಕೊಡ್ತೇನಿ. ನಿನಗ ಸಂಜೀತನಕ."

ಅವನ ಕಿವಿ ಕೆಂಪಾದವು. "ಅವ್ವನ್ನ ನಾನೇ ಕಳಿಸೇನಿ."

"ನೀ ಯಾಕ ಬರಲಿಲ್ಲ?"

"ಬಂದಿದ್ರ ನನ್ನ ಮಾರಿ ನೋಡೇ ನಿನಗ ತಿಳೀತಿತ್ತು, ಏನೂ ಸಿಕ್ಕಿಲ್ಲಂತ. ನನಗ ಮಾರಿ ಮುಚ್ಚಾಕ ಬರೂದಿಲ್ಲ. ನಿನ್ನ ಲೆಕ್ಕ ಕೆಡ್ತಿತ್ತು."

"ಹುಚ್ಚ. ಹೆಣ್ಣು ಕೇಳೂದಕ್ಕೂ ಕರಾರು ಹಚ್ಚೀಯಲ್ಲ."

"ಈಗ ಮುಗೀತಲ್ಲ ಕರಾರು."

"ಹಂಗಾರ ಕೇಳು."

ಅವನು ತಂತಿಯ ಸುರುಳಿ ಕೆಳಗಿಟ್ಟ. ಅದು ಬಿಚ್ಚಿಕೊಂಡು ಉರುಳಿತು, ಅವನು ಅತ್ತ ನೋಡಲಿಲ್ಲ. "ನನ್ನ ಜೋಡಿ ಬಾಳ್ವೆ ಮಾಡ್ತೀಯೇನು, ವಿಶಾಖಾ? ಇಲ್ಲ ಅಂದ್ರೂ ಲೆಕ್ಕ ಜೋಡೀಲೇ ಮಾಡೂಣು. ಆದ್ರ ಇಲ್ಲ ಅನಬ್ಯಾಡ."

ಅವಳು ಕೈ ಚಾಚಿದಳು. "ಫೋನ್ ಕೊಡು. ನಿಮ್ಮವ್ವ ಯಾಕ ಸಂಜೀತನಕ ಕಾಯಬೇಕು?"

ಅವನೇ ತಾಯಿಗೆ ಫೋನ್ ಹಚ್ಚಿ ಕೊಟ್ಟ. "ಹೇಳೋ ಯಪ್ಪಾ," ಎಂದಳು ಆ ಕಡೆಯಿಂದ ಮಾಳವ್ವ.

"ನಾನ್ರೀ, ಅತ್ತೀ," ಎಂದಳು ವಿಶಾಖಾ.