ಕಾದಂಬರಿಯಲ್ಲಿ ನನಗೆ ಮದುವೆ ಮಾಡಿದವನೇ!

ರೋನ್ ನದಿಯಾಣೆ, ಇದು ನಮ್ಮ ಲಿಯೋನ್ ಪಟ್ಟಣದಲ್ಲಿ ನಡೆದದ್ದೇ! ಸುಳ್ಳೆಂದವರ ನಾಲಿಗೆಗೆ ಸಾಸಿವೆ ಹಚ್ಚುತ್ತೇನೆ.

ದೊಡ್ಡ ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಪತ್ರಿಕೆಯ ಕಚೇರಿಯ ಬಾಗಿಲು ಧಡಾರನೆ ತೆರೆಯಿತು. ಮಸಿಕುಡಿಕೆಗಳು ನೆಗೆದವು, ಕೆಳಗಿನ ಅಚ್ಚಿನ ಯಂತ್ರ ಹೆದರಿ ನಿಂತೇಬಿಟ್ಟಿತು!

"ಎಲ್ಲಿ ಆ ಸುಳ್ಳುಬುರುಕ ರೆಮಿ?"

ಹೊಲಿಗೆ ಅಂಗಡಿಯ ಒಡಿಲ್! ಕೈಯಲ್ಲಿ ಅಂದಿನ ಪತ್ರಿಕೆ.

ಮೂಲೆಯ ಮೇಜಿನಿಂದ ರೆಮಿ ಎದ್ದ. ನಾಲ್ಕು ವರ್ಷ ಬಂದೂಕು ಹಿಡಿದವನು ಈಗ ಹಗಲೆಲ್ಲ ಸುದ್ದಿ ಬರೆಯುತ್ತಿದ್ದ, ಜೊತೆಗೆ ಸುಳ್ಳು ಹೆಸರಲ್ಲಿ ದಿನಕ್ಕೊಂದು ಕಂತು ಯುದ್ಧದ ಕಾದಂಬರಿ. ಗುಂಡಿಗೆ ಹೆದರದವನು ಕುರ್ಚಿಯ ಹಿಂದೆ ಸರಿದ.

ಬದುಕಿದ್ದಾನೆ... ನಿಜವಾಗಿಯೂ ಬದುಕಿದ್ದಾನೆ! ಒಡಿಲಳ ಎದೆ ಕರಗಿತು. ಮರುಕ್ಷಣವೇ ಕುದಿಯಿತು.

"ನಿನ್ನ ಕಥೆಯ ಹುಡುಗಿ ಸಿಪಾಯಿಗೆ ಕೈಕೊಟ್ಟು ರೇಷ್ಮೆ ಸಾಹುಕಾರನ್ನ ಮದ್ವೆ ಆಗ್ತಾಳಂತೆ! ಗಲ್ಲದ ಮಚ್ಚೆ ನಂದು. ರೈಲು ಹತ್ತುವಾಗ ನಿನ್ನ ಕಿವೀಲಿ ಹೇಳಿದ ಮಾತೂ ನಂದು, ಅದು ನಿಂಗಲ್ದೆ ಯಾರಿಗೂ ಗೊತ್ತಿಲ್ಲ. ಬೀದಿಯವರೆಲ್ಲ ನನ್ನ ನೋಡಿ ಕಿಸಕ್ಕಂತಾರೆ!"

"ಅದರಲ್ಲಿ ಸುಳ್ಳೇನಿದೆ, ಮದಾಂ?" ಮದುವೆಯಾದ ಹೆಂಗಸರನ್ನು ಕರೆಯುವ ಹಾಗೆ ಕರೆದ ರೆಮಿಯ ದನಿಯೂ ಏರಿತು.

"ಮದಾಂ ಅಂದ್ಯಾ? ಇನ್ನೊಂದ್ಸಲ ಅನ್ನು, ಹಲ್ಲು ಉದುರಿಸ್ತೀನಿ!"

"ಯುದ್ಧದ ಗಾಯ ಮಾಯ್ದು ಆಸ್ಪತ್ರೆಯಿಂದ ನೆಟ್ಟಗೆ ನಿನ್ನಂಗಡಿಗೇ ಓಡಿ ಬಂದೆ ಕಣೇ! ಕಿಟಕೀಲಿ ನೋಡಿದೆ. ಬಿಳಿ ಮದುವೆ ಉಡುಪು, ಮುಸುಕು, ಪಕ್ಕದಲ್ಲಿ ಆ ಡೊಳ್ಳುಹೊಟ್ಟೆ ಸಾಹುಕಾರ... ನಗ್ತಾ ಇದ್ದೆ ನೀನು!"

  ಒಡಿಲ್ ಬಾಯಿ ತೆರೆದಾಗ ಕಿಟಕಿಯ ಗಾಜು ನಡುಗಿತು.

"ಅಯ್ಯೋ ಪೆದ್ದೇ! ಅದು ಅವನ ಮಗಳ ಉಡುಪು! ಹುಡುಗಿಗೆ ಜ್ವರ. ನಮ್ಮಿಬ್ಬರದ್ದೂ ಒಂದೇ ಅಳತೆ ಅಂತ ಯಜಮಾನಿ ನಂಗೇ ತೊಡಿಸಿ ಅಂಚು ಹಿಡೀತಿದ್ಲು. ನಗೋದಾ? ಸೊಂಟಕ್ಕೆ ಗುಂಡುಸೂಜಿ ಚುಚ್ಚಿದ ನೋವಿಗೆ ಹಲ್ಲು ಕಿರಿದಿದ್ದೆ ಕಣೋ!"

"ಸುಳ್ಳು..." ಎನ್ನಹೊರಟ ರೆಮಿ ತಟ್ಟನೆ ನಿಂತ.

ಅವಳ ತಲೆ ಈಗಷ್ಟೇ ಅವನ ಕಣ್ಣಿಗೆ ಬಿತ್ತು. ಹಸಿರು ಹಳದಿ ಟೋಪಿ, ಮೇಲೆ ಕಾಗದದ ಹೂಗಳು! ಅಂದು ಸಂತ ಕ್ಯಾಥರೀನಳ ಹಬ್ಬ. ಇಪ್ಪತ್ತೈದಾದರೂ ಮದುವೆಯಾಗದ ಹುಡುಗಿಗೆ ಗೆಳತಿಯರು ತಮಾಷೆಗೆ ತೊಡಿಸುವ ಟೋಪಿ ಅದು. ಸಿಟ್ಟಿನ ಭರದಲ್ಲಿ ಒಡಿಲ್ ಅದನ್ನು ತೆಗೆಯದೇ ಊರೆಲ್ಲ ದಾಟಿ ಬಂದಿದ್ದಳು.

"ಮದುವೆ... ಆಗಿಲ್ವಾ?"

"ಆಗಿದ್ರೆ ಈ ಕೋಳಿಜುಟ್ಟು ಯಾಕೆ ಹೊತ್ಕೊಳ್ಳಲಿ? ಒಂದು ಕಾಗದಾನೂ ಬರದೆ, ನೀನು ಸತ್ತೆ ಅಂತ ಎಷ್ಟು ಅತ್ತಿದೀನಿ ಗೊತ್ತಾ! ಒಳಗೆ ಬಂದು ಒಂದು ಮಾತು ಕೇಳೋಕೆ ನಾಲಿಗೆ ಇರಲಿಲ್ಲ. ಇಡೀ ಊರಿಗೆ ಸಾರೋಕೆ ಬಂತು!"

ಅವಳ ದನಿ ಒಡೆಯಿತು. ರೆಮಿ ಹತ್ತಿರ ಬಂದ. ಒಡಿಲ್ ಅವನ ಎದೆಗೆ ಗುದ್ದಿದಳು. ಮತ್ತೆ ಗುದ್ದಿದಳು. ಆಮೇಲೆ ಆ ಕೈ ಅಲ್ಲೇ ಉಳಿಯಿತು...

"ಹೆದರಿಬಿಟ್ಟೆ, ಒಡಿಲ್. ಯುದ್ಧದಲ್ಲೂ ಅಷ್ಟು ಹೆದರಿರ್ಲಿಲ್ಲ. ನಾಳೆ ಕಂತಲ್ಲಿ ಎಲ್ಲ ಸರಿ ಮಾಡ್ತೀನಿ."

"ನಿನ್ನ ಕಂತು ಹಾಳಾಗ್ಲಿ! ಮೊದಲು ನಮ್ಮಪ್ಪನ ಹತ್ರ ಬಂದು ಹೆಣ್ಣು ಕೇಳು."

"ಅವರು ಒದ್ದರೆ?"

"ಒದೆಸ್ಕೋ. ಆಮೇಲೆ... ಮುಲಾಮು ನಾನೇ ಹಚ್ತೀನಿ."

ಅವರ ಮದುವೆಯೂಟದಲ್ಲಿ ನಾನೊಬ್ಬನೇ ಮೂರು ಬಾತುಕೋಳಿ ತಿಂದೆ. ನಂಬಿಕೆ ಬರಲಿಲ್ಲವೇ? ಹಾಗಾದರೆ ಈಗಲೇ ಮೂರು ತರಿಸಿ, ತಿಂದೇ ತೋರಿಸುತ್ತೇನೆ!