ಮೈಮ್ಯಾಲಿನ ಹೊಲಿಗಿ

ನಾನು ಕಂಡವರ ದನಿ ತೆಗೆದು ನಗಿಸಾಂವ, ಹಿಂಗಾಗಿ ನಾ ಹೇಳಿದ್ದನ್ನ ಯಾರೂ ಖರೆ ಅನ್ನೂದಿಲ್ಲ. ಆದರ ಇದು ನಮ್ಮ ಮನಿಯಾಗ, ಹಗಲಿನ್ಯಾಗ ಆದದ್ದು.

ಕಾಲೇಜಿನ ನಾಟಕ ವಿಕ್ಟೋರಿಯಾ ರಾಣಿಯ ಕಾಲದ್ದಿತ್ತು. ನನ್ನ ತಂಗಿಯ ಗೆಳತಿ ಸ್ನೇಹಲ ಶ್ರೀಮಂತ ಮೇಮ್‌ಸಾಹೇಬಳಾಗಿ ರೇಶ್ಮಿ ಗೌನು ತೊಟ್ಟಿದ್ದಳು. ಅದರ ಘೇರಿನ ಒಳಗ ಒಂದು ರಿಕ್ಷಾ ನಿಲ್ಲಿಸಬಹುದು ಅಂತ ನಾನು ಕಾಡಿಸಿದೆ. ತಂಗಿ ರೂಪಾಲಿದು ಮನಿಗೆಲಸದಾಕಿಯ ಪಾತ್ರ. ಅವಳ ಉದ್ದ ತೋಳಿನ ಒರಟು ಅಂಗಿ ಹಳೇ ಬಟ್ಟಿ ಬಜಾರದ್ದು. ಆ ಕಾಲದ ಬಡವರೂ ಯಾರೋ ತೊಟ್ಟು ಬಿಟ್ಟದ್ದನ್ನೇ ತೊಡತಿದ್ದರಂತ.

ಮೇ ತಿಂಗಳ ಮಧ್ಯಾಹ್ನ ವಿಜಾಪುರ ರಸ್ತೆಯ ನಮ್ಮ ಮನಿಯಾಗ ತಾಲೀಮು ನಡೆದಿತ್ತು. ರೂಪಾಲಿಯ ಭುಜದ ತೇಪಿ ಬಿಚ್ಚಿತು. ನಾನು ಸೂಜಿ ಹಿಡಿದೆ.

"ಅಣ್ಣಾ, ಮೈಮ್ಯಾಲಿನ ಬಟ್ಟಿ ಹೊಲಿಯಬಾರದು. ಹೆಣಕ್ಕಷ್ಟ ಹಂಗ ಹೊಲಿತಾರಂತ ಅವ್ವ ಅಂತಾಳ. ದೋಷ ತಗಲಬಾರದಂದ್ರ ನನ್ನ ಬಾಯಾಗ ಒಂದು ಕಡ್ಡಿಯಾದ್ರೂ ಇಡು."

ನಾನು ಅವ್ವನದೇ ದನಿ ತೆಗೆದೆ. "ಸುಮ್ನ ನಿಂದ್ರ, ಶಾಣ್ಯಾಕಿ!" ಅನ್ನುತ್ತ ಭುಜಕ್ಕ ಸೂಜಿಲೇ ಎರಡು ಟಾಕಿ ಹಾಕಿದೆ.

"ಫ್ಯಾನ್ ಬಂದ್ ಮಾಡೋ, ಥಂಡಿ" ಅಂದಳು ರೂಪಾಲಿ. ಕರೆಂಟೇ ಇರಲಿಲ್ಲ. ಅವಳ ತುಟಿ ನೀಲಿಯಾಗಿದ್ದವು, ಬಾಯಿಂದ ಹೊಗೆಯಂಥ ಉಸಿರು ಬರುತ್ತಿತ್ತು.

"ಉಸಿರು ಹಿಡಿತದ ಅಣ್ಣಾ, ಅಂಗಿ ತಗಿ."

ಸ್ನೇಹಲ ಜಗ್ಗಿದಳು, ಬರಲಿಲ್ಲ. ಎರಡೂ ತೋಳಿನ ತುದಿ ಹೊಲಿದು ಮುಚ್ಚಿದ್ದವು, ಕೈಗಳು ಒಳಗೇ ಇದ್ದವು. ನಾನು ಕತ್ತರಿಯಿಂದ ಸೀಳಿದೆ. ರೂಪಾಲಿ ಉಸಿರೆಳೆದುಕೊಂಡು ಅತ್ತಳು. ಈಗ ಆರಾಮ ಇದ್ದಾಳ.

ಸಂಜಿಕ ಅವ್ವ ಆ ತೋಳುಗಳನ್ನ ತಿರುವಿ ನೋಡಿದಳು.

"ಹೊರಗಿಂದ ಯಾರೂ ಹೊಲಿದಿಲ್ಲೋ," ಅಂದಳು. "ದಾರದ ಗಂಟು ಒಳಗದ."